ಮೆಚ್ಚಿನ ರಾಕ್ ಬ್ಯಾಂಡನ್ನು ಇನ್ನೊಬ್ಬರ ಕಿವಿಗೆ ದಾಟಿಸುವುದು: ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದಕ್ಕೆ ಗೆಳೆಯರ ವಾಟ್ಸ್ಯಾಪ್ ಗ್ರೂಪಿಗೆ ಹನ್ನೆರಡು ಲಿಂಕ್ ಬೀಳುತ್ತವೆ. ಕೆಳಗೆ ‘ಮಸ್ತ್ ಬ್ಯಾಂಡು, ಕೇಳ್ರಲೇ’ ಅಂತ ಒಂದು ಸಾಲು. ಬೆಳಿಗ್ಗೆ ನೋಡಿದರೆ ಎರಡು ಹೆಬ್ಬೆಟ್ಟು, ಒಂದು ‘ಸೂಪರ್’. ಕೇಳಿದವರು ಯಾರೂ ಇಲ್ಲ. ಕಳಿಸಿದವರು ‘ನಮ್ಮೂರಲ್ಲಿ ರಾಕ್ ಯಾರಿಗೂ ಹಿಡಿಸಲ್ಲ’ ಎಂದು ತೀರ್ಮಾನ ಮಾಡಿ ಸುಮ್ಮನಾಗುತ್ತಾರೆ. ದಾವಣಗೆರೆಯ ಹಾಸ್ಟೆಲ್ಲುಗಳಲ್ಲಿ, ಚಿತ್ರದುರ್ಗದ ಬಾಡಿಗೆ ರೂಮುಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತಿದೆ. ತಪ್ಪಾಗುತ್ತಿರುವುದು ಕ್ರಮದಲ್ಲಿ: ಯಾರಿಗೆ ಎಂದು ನೋಡುವ ಮೊದಲೇ ಯಾವುದು ಎಂದು ಆರಿಸಿಬಿಡುತ್ತೇವೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಒಬ್ಬರಿಗೆ ಒಂದು ಹಾಡು, ಅದಕ್ಕೆ ಒಂದು ವಾರ. ಅದಕ್ಕಿಂತ ಬೇಗ ಮುಗಿಸಲು ಹೋದರೆ ಕೆಡುತ್ತದೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ಒಂದು ಜೊತೆ ತಂತಿಯ ಇಯರ್‌ಫೋನ್ ಸಾಕು, ದುಬಾರಿಯದೇ ಆಗಬೇಕಿಲ್ಲ. ಫೋನಿನಲ್ಲಿ ಪಿನ್ ಹಾಕುವ ತೂತು ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕು. ಇಬ್ಬರು ಜೊತೆಗೆ ಕೂತು ಕೇಳುವುದಾದರೆ ಒಂದು ವೈ ಕನೆಕ್ಟರ್ ಮತ್ತು ಇನ್ನೊಂದು ಜೊತೆ ಇಯರ್‌ಫೋನ್ ತನ್ನಿ. ಒಂದು ಕಡೆ ಪಿನ್, ಇನ್ನೊಂದು ಕಡೆ ಎರಡು ತೂತು ಇರುವ 3.5 ಎಂಎಂ ತುಂಡು ಅದು. ಮೊಬೈಲ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಜೊತೆಗೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾರಿಗೆ ಯಾವ ಹಾಡು, ಯಾವ ದಿನ ಕೊಟ್ಟಿರಿ, ಏನಂದರು ಎಂಬುದನ್ನು ಅದರಲ್ಲಿ ಬರೆಯಬೇಕು.

ಫೋನಿನ ಸ್ಪೀಕರ್ ಈ ಪಟ್ಟಿಯಲ್ಲಿ ಇಲ್ಲ. ಕೆಳಸ್ವರ ನುಡಿಸುವ ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ, ಅಂದರೆ 41 ಹರ್ಟ್ಜ್‌ನಲ್ಲಿ ಕಂಪಿಸುತ್ತದೆ. ಬೆರಳಗಲದ ಫೋನ್ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ. ಹಾಗಾಗಿ ಬೇಸ್ ಮಾಯವಾಗುತ್ತದೆ, ಡ್ರಮ್ಸ್ ತಗಡಿನ ಡಬ್ಬ ಬಡಿದಂತೆ ಕೇಳುತ್ತದೆ, ಗಿಟಾರ್ ಬರೀ ಕಿರುಚುತ್ತದೆ. ‘ಏನಿದು ಗಲಾಟೆ’ ಎಂದು ಎದುರಿನವರು ಮುಖ ಕಿವುಚಿದರೆ ಆ ಮಾತು ನಿಜವೇ, ಅವರ ಕಿವಿಗೆ ಬಿದ್ದದ್ದು ಗಲಾಟೆಯೇ.

ಇನ್ನೊಂದು ತಪ್ಪು ಬಸ್ಸಿನಲ್ಲಿ ಕಾಣುತ್ತದೆ. ಒಂದೇ ಇಯರ್‌ಫೋನಿನ ಎಡಗಡೆಯದು ಒಬ್ಬರಿಗೆ, ಬಲಗಡೆಯದು ಇನ್ನೊಬ್ಬರಿಗೆ. ರಾಕ್ ಧ್ವನಿಮುದ್ರಣದಲ್ಲಿ ಎಡ ಮತ್ತು ಬಲಕ್ಕೆ ಬೇರೆ ಬೇರೆ ವಾದ್ಯ ಹಂಚಿರುತ್ತಾರೆ. ಬೀಟಲ್ಸ್ ತಂಡದ 1960ರ ದಶಕದ ಕೆಲವು ಸ್ಟೀರಿಯೊ ಆಲ್ಬಂಗಳಲ್ಲಿ ಗಾಯನ ಪೂರ್ತಿ ಒಂದು ಕಡೆ, ವಾದ್ಯಗಳು ಇನ್ನೊಂದು ಕಡೆ. ನಿಮಗೆ ಹಾಡು ಕೇಳುತ್ತಿರುತ್ತದೆ, ಪಕ್ಕದವರಿಗೆ ಬರೀ ಗಿಟಾರು ಡ್ರಮ್ಸು. ಹಂಚಿಕೊಳ್ಳಲೇಬೇಕಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ತೆರೆದು ‘ಮೋನೊ ಆಡಿಯೊ’ ಆನ್ ಮಾಡಿ. ಆಗ ಎರಡೂ ಕಡೆಗೆ ಪೂರ್ತಿ ಹಾಡು ಬರುತ್ತದೆ. ಕೇಳಿದ ಮೇಲೆ ಆಫ್ ಮಾಡಲು ಮರೆಯಬೇಡಿ.

ಹಂತ 1: ಅವರ ಕಿವಿ ತಿಳಿದುಕೊಳ್ಳಿ

‘ನಿಮಗೆ ಎಂಥಾ ಮ್ಯೂಸಿಕ್ ಇಷ್ಟ?’ ಎಂದು ಕೇಳಬೇಡಿ. ಎಲ್ಲರೂ ಹೇಳುವ ಉತ್ತರ ‘ಎಲ್ಲಾ ಕೇಳ್ತೀನ್ರಿ’. ಅದರಿಂದ ಏನೂ ತಿಳಿಯುವುದಿಲ್ಲ. ಬದಲು ಮೂರು ಪ್ರಶ್ನೆ ಕೇಳಿ. ಈ ವಾರ ಎರಡು ಸಲಕ್ಕಿಂತ ಹೆಚ್ಚು ಹಾಕಿಕೊಂಡ ಹಾಡು ಯಾವುದು? ಅದನ್ನು ಯಾವ ಹೊತ್ತಿನಲ್ಲಿ ಕೇಳುತ್ತೀರಿ? ಯಾವ ಥರದ ಹಾಡು ಬಂದರೆ ತಕ್ಷಣ ಮುಂದಿನದಕ್ಕೆ ಹೋಗುತ್ತೀರಿ? ಮೂರನೆಯ ಪ್ರಶ್ನೆಯ ಉತ್ತರವೇ ಅತ್ಯಂತ ಉಪಯೋಗದ್ದು. ಯಾಕೆಂದರೆ ಎಲ್ಲಿ ಕಾಲಿಡಬಾರದು ಎಂಬುದನ್ನು ಅದು ಹೇಳುತ್ತದೆ.

ಆಮೇಲೆ ಅವರು ಹಾಡು ಕೇಳುವಾಗ ಏನು ಮಾಡುತ್ತಾರೆ ನೋಡಿ. ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಬೆರಳು ಬಡಿಯುವವರು ತಾಳದವರು. ಬಾಯಿ ಮುಚ್ಚಿ ಗುನುಗುವವರು ರಾಗದವರು. ‘ಆ ಸಾಲು ಹೆಂಗೈತಿ ನೋಡು’ ಎನ್ನುವವರು ಮಾತಿನವರು. ತಾಳದವರಿಗೆ ಸಾಹಿತ್ಯ ಚೆನ್ನಾಗಿದೆ ಎಂದು ಒಂದು ಬ್ಯಾಂಡ್ ಕೊಟ್ಟರೆ ಕೆಲಸ ಆಗುವುದಿಲ್ಲ. ಮಾತಿನವರಿಗೆ ಗಾಯನವೇ ಇಲ್ಲದ ಹತ್ತು ನಿಮಿಷದ ಗಿಟಾರ್ ಕೊಟ್ಟರೂ ಅಷ್ಟೇ.

ಹಿರಿಯರ ಹತ್ತಿರ ‘ಬ್ಯಾಂಡ್’ ಎಂಬ ಪದದ ಬಗ್ಗೆ ಎಚ್ಚರ. ನಮ್ಮ ಕಡೆ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ‘ನಾಲ್ಕೈದು ಜನ ಸೇರಿ ತಾವೇ ಹಾಡು ಕಟ್ಟಿ, ತಾವೇ ನುಡಿಸಿ ಹಾಡೋ ತಂಡ’ ಎಂದರೆ ತಟ್ಟನೆ ಅರ್ಥವಾಗುತ್ತದೆ.

ಹಂತ 2: ಸೇತುವೆ ಹಾಡು ಆರಿಸಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ನಿಯಮ ಸರಳ: ಕೊಡುವ ಹಾಡಿನಲ್ಲಿ ಅವರಿಗೆ ಈಗಾಗಲೇ ಗೊತ್ತಿರುವ ಒಂದು ಸಂಗತಿ ಇರಬೇಕು, ಗೊತ್ತಿಲ್ಲದ್ದು ಎರಡಕ್ಕಿಂತ ಹೆಚ್ಚು ಇರಬಾರದು. ಭಾಷೆ ಹೊಸದು, ಗಾಯನದ ರೀತಿ ಹೊಸದು, ತಾಳ ಹೊಸದು, ಉದ್ದವೂ ಹೊಸದು ಎಂದಾದರೆ ಅದು ಮೊದಲ ಹಾಡಲ್ಲ. ನಿಮಗೆ ಅತಿ ಪ್ರಿಯವಾದ ಹಾಡು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಯಾಕೆಂದರೆ ಅಲ್ಲಿಗೆ ತಲುಪಲು ನಿಮಗೂ ವರ್ಷಗಳು ಹಿಡಿದಿವೆ. ಅದನ್ನು ಬದಿಗಿಡಿ.

ಭಾವಗೀತೆ, ತತ್ವಪದ ಕೇಳುವ ಮನೆಯಾದರೆ ದಾರಿ ಸಲೀಸು. ‘ಕೋಡಗನ ಕೋಳಿ ನುಂಗಿತ್ತಾ’ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಎಲ್ಲರಿಗೂ ಗೊತ್ತು. ಅದೇ ಶರೀಫರ ಪದ ರಘು ದೀಕ್ಷಿತ್ ಪ್ರಾಜೆಕ್ಟ್‌ನ 2013ರ ‘ಜಗ್ ಚಂಗಾ’ ಆಲ್ಬಂನಲ್ಲೂ ಇದೆ. ಮಾತು ಬಾಯಿಗೆ ಬಂದಿರುವುದರಿಂದ ಕಿವಿ ತಾನಾಗಿ ವಾದ್ಯಗಳ ಕಡೆ ತಿರುಗುತ್ತದೆ. ಅಲ್ಲಿಂದ ಅದೇ ತಂಡದ 2008ರ ಮೊದಲ ಆಲ್ಬಂನ ‘ಗುಡುಗುಡಿಯಾ ಸೇದಿ ನೋಡೋ’, ಆಮೇಲೆ ಬೆಂಗಳೂರಿನ ಸ್ವರಾತ್ಮ ತಂಡದ ‘ಈ ಭೂಮಿ’. ಈ ಮೂರು ಹಾಡು ದಾಟಿದವರು ಡ್ರಮ್ಸ್, ಬೇಸ್ ಎಂದರೆ ಬೆಚ್ಚುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಅಗಮ್ ತಂಡದ ‘ರಂಗಪುರ ವಿಹಾರ’ ಕೊಡಿ. ಮುತ್ತುಸ್ವಾಮಿ ದೀಕ್ಷಿತರ ಕೃತಿ, ಬೃಂದಾವನ ಸಾರಂಗ ರಾಗ, ಕೆಳಗೆ ವಿದ್ಯುತ್ ಗಿಟಾರು. ಇವರಲ್ಲಿ ಕೆಲವರಿಗೆ ಕೃತಿಯನ್ನು ಮುಟ್ಟಿದ್ದೇ ಸರಿಕಾಣದು. ಅಂಥವರ ಜೊತೆ ವಾದಕ್ಕೆ ನಿಲ್ಲದೆ ತಾಳದ ಬಾಗಿಲಿನಿಂದ ಒಳಗೆ ಕರೆಯಿರಿ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ 1973ರ ಹಾಡು, ಹೆಚ್ಚಿನ ಭಾಗ ಏಳು ಎಣಿಕೆಯಲ್ಲಿ ನಡೆಯುತ್ತದೆ. ಶುರುವಿನಲ್ಲಿ ಕೇಳುವ ನಾಣ್ಯದ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು ಕೂಡ ಏಳರ ಲೆಕ್ಕದಲ್ಲೇ ಬೀಳುತ್ತವೆ. ಏಳು ಎಣಿಕೆಯ ಮಿಶ್ರ ಛಾಪು ತಾಳ ಹಾಕಿ ಅಭ್ಯಾಸ ಇರುವ ಕೈಗೆ ಇದು ಕೂಡಲೇ ಸಿಗುತ್ತದೆ. ಗಿಟಾರ್ ಏಕಾಂಗಿಯಾಗಿ ಮೆರೆಯುವ ಭಾಗದಲ್ಲಿ ಎಣಿಕೆ ನಾಲ್ಕಕ್ಕೆ ಬದಲಾಗುತ್ತದೆ, ಅದನ್ನು ಮೊದಲೇ ಹೇಳಬೇಡಿ. ಎಣಿಸುತ್ತಿರುವ ಕೈ ಅಲ್ಲಿ ತಡವರಿಸುತ್ತದೆ. ಅವರು ತಲೆಯೆತ್ತಿ ನಿಮ್ಮ ಮುಖ ನೋಡಿದರೆ ಹಾಡು ಒಳಗೆ ಹೋಗಿದೆ ಎಂದೇ ಲೆಕ್ಕ.

ಡೊಳ್ಳು, ತಮಟೆ, ಉರುಮೆ ಕೇಳಿ ಬೆಳೆದವರು ನಮ್ಮಲ್ಲಿ ಬಹಳ. ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗುವ ಸದ್ದಿನ ಮುಂದೆ ಗಂಟೆಗಟ್ಟಲೆ ನಿಲ್ಲುವವರಿಗೆ ರಾಕ್‌ನ ಅತಿ ಗಟ್ಟಿ ಬಗೆಯಾದ ಹೆವಿ ಮೆಟಲ್ ಜೋರಾಯಿತು ಎನ್ನುವುದು ಸುಳ್ಳು. ಅವರಿಗೆ ಅಡ್ಡ ಬರುವುದು ಕಿರುಚುವ ಗಾಯನ. ಆದ್ದರಿಂದ ದಿಲ್ಲಿಯ ಬ್ಲಡಿವುಡ್ ತಂಡದಿಂದ ಆರಂಭಿಸುವಾಗ ಧೋಲ್ ಜೊತೆ ಕೊಳಲೂ ಇರುವ ‘ಜೀ ವೀರೆ’ ಮೊದಲು ಕೊಡಿ, ಕುಗ್ಗಿದ ಮನಸ್ಸಿಗೆ ಧೈರ್ಯ ಹೇಳುವ ಹಾಡು ಅದು. ಅದೇ ತಂಡದ ಒರಟು ಹಾಡುಗಳು ಆಮೇಲೆ ಬರಲಿ.

ರಾಗದವರಿಗೆ ಮೆಟಾಲಿಕಾ ತಂಡದ 1991ರ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಕೊಡಿ, ಇಲ್ಲವೇ ಪಿಂಕ್ ಫ್ಲಾಯ್ಡ್‌ನ 1975ರ ‘ವಿಶ್ ಯು ವರ್ ಹಿಯರ್’. ಎರಡನೆಯದರ ಆರಂಭದಲ್ಲಿ ಯಾರೋ ರೇಡಿಯೊ ತಿರುಗಿಸಿದಂತೆ, ಗಿಟಾರು ದೂರದ ರೇಡಿಯೊದಿಂದ ಬಂದಂತೆ ಕೇಳುತ್ತದೆ. ಆಮೇಲೆ ಪಕ್ಕದಲ್ಲೇ ಕೂತು ನುಡಿಸಿದಂತೆ ಇನ್ನೊಂದು ಗಿಟಾರ್ ಸೇರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ‘ಫೈಲ್ ಕೆಟ್ಟೈತಿ’ ಎಂದು ನಿಲ್ಲಿಸಿಬಿಡುತ್ತಾರೆ.

ಮಾತಿನವರಿಗೆ ಇಂಗ್ಲಿಷ್ ತೊಡಕಾದರೆ ದಿಲ್ಲಿಯ ಇಂಡಿಯನ್ ಓಷನ್ ತಂಡದ ‘ಮಾ ರೇವಾ’ ಕೊಡಬಹುದು. ನರ್ಮದೆಯ ಮೇಲಿನ ಹಾಡು, 2000ದ ‘ಕಂಡೀಸಾ’ ಆಲ್ಬಂನದು.

ಹಂತ 3: ಸರಿಯಾದ ಆವೃತ್ತಿ ಹುಡುಕಿ

ಯೂಟ್ಯೂಬಿನಲ್ಲಿ ಒಂದೇ ಹಾಡಿಗೆ ಇಪ್ಪತ್ತು ಮುಖ. ‘8ಡಿ ಆಡಿಯೊ’, ‘ಸ್ಲೋಡ್ ಆ್ಯಂಡ್ ರಿವರ್ಬ್’, ‘ಬೇಸ್ ಬೂಸ್ಟೆಡ್’ ಎಂದು ಬರೆದಿದ್ದರೆ ಮುಟ್ಟಬೇಡಿ. ಅವು ಬೇರೆಯವರು ವೇಗ, ಧ್ವನಿ ತಿದ್ದಿ ಹಾಕಿದವು. ತಂಡದ ಸ್ವಂತ ಚಾನೆಲ್ಲಿನದೇ ಬೇಕು. ಮೊದಲ ಸಲಕ್ಕೆ ಸ್ಟುಡಿಯೊ ಆವೃತ್ತಿ ಕೊಡಿ, ಲೈವ್ ಎರಡನೆಯದಕ್ಕೆ. ಲೈವ್‌ನಲ್ಲಿ ಜನರ ಕೂಗು, ಎರಡು ನಿಮಿಷ ಜಾಸ್ತಿ ಗಿಟಾರು, ಗಾಯಕರ ಬದಲು ಪ್ರೇಕ್ಷಕರೇ ಹಾಡುವ ಪಲ್ಲವಿ ಎಲ್ಲ ಬರುತ್ತವೆ. ಹಾಡು ಗೊತ್ತಿದ್ದವರಿಗೆ ಅದು ಹಬ್ಬ, ಗೊತ್ತಿಲ್ಲದವರಿಗೆ ಗೊಂದಲ.

ಕಳಿಸುವ ಮೊದಲು ನೀವೇ ಆ ಲಿಂಕನ್ನು ಕೊನೆವರೆಗೆ ಒಮ್ಮೆ ಕೇಳಿ. ಬೈಗುಳ ಇದೆಯೇ, ವಿಡಿಯೊದಲ್ಲಿ ಮಕ್ಕಳ ಎದುರು ತೋರಿಸಬಾರದ್ದು ಇದೆಯೇ, ಕಣ್ಣು ಕುಕ್ಕುವಂತೆ ಬೆಳಕು ಮಿನುಗುತ್ತದೆಯೇ ನೋಡಿಕೊಳ್ಳಿ. ಅವರು ಅದನ್ನು ಮನೆಯವರ ಮುಂದೆಯೇ ಹಾಕಬಹುದು.

ಸ್ಪೀಕರಿನಲ್ಲಿ ಹಾಡು ಹಾಕಿ ವಾಯ್ಸ್ ಮೆಸೇಜ್ ಮಾಡಿ ಕಳಿಸುವುದು ಬೇಡವೇ ಬೇಡ. ಅದು ಮಾತಿಗಾಗಿ ಮಾಡಿದ ವ್ಯವಸ್ಥೆ, ಸಂಗೀತದ ತೀರಾ ಮೇಲಿನ, ತೀರಾ ಕೆಳಗಿನ ಸ್ವರಗಳನ್ನು ಕತ್ತರಿಸಿಬಿಡುತ್ತದೆ.

ಹಂತ 4: ಮೂರು ಸಾಲಿನ ಸಂದೇಶ ಬರೆಯಿರಿ

ಗ್ರೂಪಿಗೆ ಹಾಕಬೇಡಿ, ಒಬ್ಬರಿಗೇ ಕಳಿಸಿ. ಗ್ರೂಪಿಗೆ ಬಿದ್ದದ್ದು ಯಾರದ್ದೂ ಅಲ್ಲ. ಮೊದಲ ಸಾಲಿನಲ್ಲಿ ಇದು ಅವರಿಗೇ ಯಾಕೆ ಎಂಬುದು, ಎರಡನೆಯದರಲ್ಲಿ ಎಷ್ಟು ಉದ್ದ ಮತ್ತು ಹೇಗೆ ಕೇಳಬೇಕು, ಮೂರನೆಯದರಲ್ಲಿ ಗಮನಿಸಬೇಕಾದ ಒಂದೇ ಒಂದು ಜಾಗ. ಹೀಗೆ:

‘ಅಣ್ಣಾ, ನೀವು ನಾಟಕದ ಹಾಡು ಕೇಳ್ತಿರ್ತೀರಲ್ಲ, ಇದರಾಗೂ ಒಂದು ನಾಟಕ ಐತಿ. ಆರು ನಿಮಿಷಕ್ಕೆ ಐದು ಸೆಕೆಂಡ್ ಕಮ್ಮಿ, ರಾತ್ರಿ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ. ಮೂರು ನಿಮಿಷದ ಹತ್ರ ಹಾಡು ಪೂರ್ತಿ ಬೇರೇನೇ ಆಗ್ತದ, ಅಲ್ಲಿ ನಿಲ್ಲಿಸಬ್ಯಾಡ್ರಿ.’

ಇದು ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ಗೆ ಬರೆದ ಸಂದೇಶ. ಹಾಡು 5 ನಿಮಿಷ 55 ಸೆಕೆಂಡು. ಮೂರು ನಿಮಿಷಕ್ಕೆ ಆಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ರೀತಿಯ ಗುಂಪುಗಾಯನ, ನಾಲ್ಕು ದಾಟುತ್ತಿದ್ದಂತೆ ಗಟ್ಟಿ ರಾಕ್. ಎಚ್ಚರಿಕೆ ಕೊಡದಿದ್ದರೆ ಕೇಳುಗರು ಜಾರಿಹೋಗುವುದು ಸರಿಯಾಗಿ ಆ ಮೂರನೇ ನಿಮಿಷದಲ್ಲೇ.

ಉದ್ದ ಹೇಳುವುದು ಮರ್ಯಾದೆಯ ಮಾತೂ ಹೌದು. ಪಿಂಕ್ ಫ್ಲಾಯ್ಡ್‌ನ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಮೊದಲ ಭಾಗದಲ್ಲಿ ಗಾಯನ ಶುರುವಾಗುವುದೇ ಎಂಟು ನಿಮಿಷ ಕಳೆದ ಮೇಲೆ. ಹೇಳದೆ ಕಳಿಸಿದರೆ ‘ಹಾಡು ಯಾವಾಗ ಬರ್ತದ’ ಎಂದು ಕಾದು ಕಾದು ನಿಲ್ಲಿಸಿಬಿಡುತ್ತಾರೆ.

‘ಜಗತ್ತಿನ ಅತ್ಯುತ್ತಮ ಬ್ಯಾಂಡ್’, ‘ಇದು ಇಷ್ಟ ಆಗಲಿಲ್ಲ ಅಂದ್ರೆ ನಿನಗೆ ಮ್ಯೂಸಿಕ್ಕೇ ಗೊತ್ತಿಲ್ಲ’ ಎಂಬ ಮಾತುಗಳನ್ನು ಅಳಿಸಿಹಾಕಿ. ಅವು ಕೇಳುವವರನ್ನು ಪರೀಕ್ಷೆಗೆ ಕೂರಿಸುತ್ತವೆ. ಪರೀಕ್ಷೆಗೆ ಕೂತವರು ಪಾಸಾಗಲು ಸುಳ್ಳು ಹೇಳುತ್ತಾರೆ.

ಹಂತ 5: ಹೊತ್ತು, ಜಾಗ ನೋಡಿ

ದುರ್ಗದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುವಾಗ ಕೇಳಲಿ ಎಂದು ಕೊಡುವವರಿದ್ದಾರೆ. ಇಂಜಿನ್ನಿನ ಗುಂಯ್ ಸದ್ದು ಕೂಡ ಕೆಳಸ್ವರದ್ದೇ. ಬೇಸನ್ನು ನುಂಗುತ್ತದೆ, ಜನ ವಾಲ್ಯೂಮ್ ಏರಿಸುತ್ತಾರೆ, ಕಿವಿ ನೋಯುತ್ತದೆ, ಬೈಗುಳ ಬ್ಯಾಂಡಿಗೆ ಬೀಳುತ್ತದೆ. ಸದ್ದಿಲ್ಲದ ಕೋಣೆ, ಅರ್ಧ ಅಥವಾ ಅರವತ್ತು ಶೇಕಡ ವಾಲ್ಯೂಮ್, ಊಟ ಆದ ಮೇಲಿನ ಹೊತ್ತು ಒಳ್ಳೆಯದು. ಚಂದ್ರವಳ್ಳಿ ಕೆರೆಯ ದಂಡೆಯಂಥ ಜಾಗ ಇನ್ನೂ ಒಳ್ಳೆಯದು. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಂತೆ ಆ ಗಂಟೆಗಳು ಬೇಗ ಇಳಿಯುತ್ತವೆ.

ಪಕ್ಕದಲ್ಲಿ ಕೂತು ಕೇಳಿಸುವುದಾದರೆ ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ಒಳ್ಳೆಯ ಪಾಠ. ಮೊದಲು ಗಿಟಾರ್ ಒಂದೇ, ಅದೇ ತುಣುಕು ಮತ್ತೆ ಮತ್ತೆ. ಆಮೇಲೆ ಡ್ರಮ್ಸ್ ಸೇರುತ್ತದೆ, ಅದರ ಹಿಂದೆ ಬೇಸ್. ಒಂದೊಂದು ವಾದ್ಯ ಒಳಬಂದಾಗ ಒಂದೊಂದು ಬೆರಳು ಎತ್ತಿ ತೋರಿಸಿ, ಮಾತಾಡಬೇಡಿ. ಬೇಸ್ ಬಂದ ಕ್ಷಣದಲ್ಲಿ ಹಾಡಿನ ಅಡಿಗೆ ನೆಲ ಸಿಕ್ಕಂತಾಗುತ್ತದೆ. ಒಂದು ಸಲ ಅದನ್ನು ಗುರುತಿಸಿದ ಕಿವಿ ಮುಂದೆ ಯಾವ ಹಾಡಿನಲ್ಲೂ ಬೇಸನ್ನು ತಾನೇ ಹುಡುಕಿಕೊಳ್ಳುತ್ತದೆ.

ಕೇಳಿಸುವಾಗ ಅವರ ಮುಖವನ್ನೇ ದಿಟ್ಟಿಸಬೇಡಿ. ‘ಈಗ ಬರ್ತದ, ಈಗ ಬರ್ತದ’ ಎನ್ನಲೂಬೇಡಿ.

ಹಂತ 6: ವಿಚಿತ್ರ ತಂಡಗಳಿಗೆ ವಿಧಾನ ಬೇರೆ

ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ವಿಚಿತ್ರ ಇರುವುದು ಕಣ್ಣಿಗೋ ಕಿವಿಗೋ?

ಕಣ್ಣಿನ ವಿಚಿತ್ರವಾದರೆ ವಿಡಿಯೊವೇ ಮೊದಲು. ಸ್ವೀಡನ್ನಿನ ವಿಂಟರ್‌ಗಾಟನ್ ತಂಡದ ಮಾರ್ಟಿನ್ ಮೋಲಿನ್ 2016ರಲ್ಲಿ ತೋರಿಸಿದ ಯಂತ್ರದಲ್ಲಿ 2000 ಉಕ್ಕಿನ ಗೋಲಿಗಳು ಬಿದ್ದು ಬಿದ್ದು ಹಾಡು ಹುಟ್ಟುತ್ತದೆ. ಕೈಯಿಂದ ತಿರುಗಿಸುವ ಮರದ ಯಂತ್ರ ಅದು. ಬರೀ ಆಡಿಯೊ ಕೊಟ್ಟರೆ ಅದೊಂದು ಮುದ್ದಾದ ರಾಗ, ಅಷ್ಟೇ. ವಿಯೆನ್ನಾದ ವೆಜಿಟೆಬಲ್ ಆರ್ಕೆಸ್ಟ್ರಾ 1998ರಿಂದ ಹಸಿ ತರಕಾರಿಯಲ್ಲೇ ವಾದ್ಯ ಕೊರೆದು ನುಡಿಸುತ್ತಿದೆ. ಗಜ್ಜರಿಯ ಕೊಳಲು, ಕುಂಬಳದ ತಾಳವಾದ್ಯ, ಕಾರ್ಯಕ್ರಮ ಮುಗಿದ ಮೇಲೆ ಬಂದವರಿಗೆ ತರಕಾರಿ ಸೂಪು. ಇದನ್ನೂ ನೋಡಿಯೇ ಕೇಳಬೇಕು. ಓಕೆ ಗೋ ತಂಡದ 2006ರ ಟ್ರೆಡ್‌ಮಿಲ್ ಕುಣಿತವೂ ಇದೇ ಸಾಲಿನದು.

ಕಿವಿಯ ವಿಚಿತ್ರವಾದರೆ ವಿಡಿಯೊ ಮುಚ್ಚಿಡಿ. ಫಿನ್ಲೆಂಡಿನ ಅಪೊಕ್ಯಾಲಿಪ್ಟಿಕಾ 1996ರ ಮೊದಲ ಆಲ್ಬಂನಲ್ಲಿ ಮೆಟಾಲಿಕಾ ಹಾಡುಗಳನ್ನು ನಾಲ್ಕು ಚೆಲ್ಲೋಗಳಲ್ಲಿ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ನುಡಿಸಿತು. ಮೊದಲು ಮೂಲ ಹಾಡು ಕೇಳಿಸಿ, ಎರಡು ದಿನ ಬಿಟ್ಟು ಇದನ್ನು ಕೇಳಿಸಿ, ವಾದ್ಯ ಯಾವುದೆಂದು ಅವರೇ ಹೇಳಲಿ. ಮಂಗೋಲಿಯಾದ ದ ಹೂ ತಂಡಕ್ಕೂ ಇದೇ ದಾರಿ: ಗಂಟಲಿನ ಆಳದಿಂದ ಬರುವ ಗಾಯನ, ಕುದುರೆ ತಲೆ ಕೆತ್ತಿದ ಎರಡು ತಂತಿಯ ಮೊರಿನ್ ಖೂರ್ ವಾದ್ಯ. 2018ರ ‘ಯುವೆ ಯುವೆ ಯು’ ಸಾಕು. ಆಸ್ಟ್ರೇಲಿಯಾದ ಕಿಂಗ್ ಗಿಝರ್ಡ್ ಆ್ಯಂಡ್ ದ ಲಿಝರ್ಡ್ ವಿಝರ್ಡ್ 2017ರ ಒಂದೇ ವರ್ಷ ಐದು ಆಲ್ಬಂ ತಂದ ತಂಡ, ಒಟ್ಟು 25 ದಾಟಿವೆ. ‘ಆ ಬ್ಯಾಂಡ್ ಕೇಳು’ ಎಂದರೆ ಕೇಳುವವರು ಎಲ್ಲಿಂದ ಶುರು ಮಾಡಬೇಕು? ಅವರ ‘ಫ್ಲೈಯಿಂಗ್ ಮೈಕ್ರೊಟೋನಲ್ ಬನಾನಾ’ ಆಲ್ಬಂನ ಮೊದಲ ಹಾಡು ‘ರ‍್ಯಾಟಲ್‌ಸ್ನೇಕ್’ ಎಂದು ಬೆರಳಿಟ್ಟು ಹೇಳಿ. ಸ್ವರದ ನಡುವಿನ ಸಂದುಗಳಲ್ಲಿ ಓಡಾಡುವ ಗಿಟಾರ್ ಅದು, ಶ್ರುತಿಗಳ ಲೆಕ್ಕ ಗೊತ್ತಿರುವ ನಮ್ಮವರಿಗೆ ಅದು ತೀರಾ ಪರಕೀಯವೆನಿಸುವುದಿಲ್ಲ.

ಮೊದಲ ಸಲಕ್ಕೆ ಎಂದೂ ಕೊಡಬಾರದ ಒಂದು ಉದಾಹರಣೆ: ಕ್ಯಾಪ್ಟನ್ ಬೀಫ್‌ಹಾರ್ಟ್‌ರ 1969ರ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ ಆಲ್ಬಂ. 28 ಹಾಡು, ವಾದ್ಯಗಳು ಒಂದೊಂದು ಒಂದೊಂದು ದಿಕ್ಕಿಗೆ. ಇಪ್ಪತ್ತು ತಂಡ ದಾಟಿ ಬಂದವರಿಗೆ ಅದು ಅಪರೂಪದ ವಸ್ತು. ಹೊಸಬರು ಇದನ್ನು ಕೇಳಿ ಹೆದರಿದರೆ ಮುಂದೆ ನಿಮ್ಮ ಲಿಂಕನ್ನೇ ಒತ್ತುವುದಿಲ್ಲ.

ವಿಚಿತ್ರ ತಂಡವನ್ನು ನಗಿಸುವ ವಸ್ತುವಾಗಿ ಪರಿಚಯಿಸಬೇಡಿ. ‘ನೋಡು ಎಂಥಾ ಹುಚ್ಚರು’ ಎಂದು ಕಳಿಸಿದ್ದನ್ನು ಜನ ಮೂವತ್ತು ಸೆಕೆಂಡ್ ನೋಡಿ ನಕ್ಕು ಬಿಡುತ್ತಾರೆ. ಆ ತಂಡದವರು ಅದನ್ನು ಶ್ರದ್ಧೆಯಿಂದ ಕಟ್ಟಿದ್ದಾರೆ, ಅದೇ ಶ್ರದ್ಧೆ ನಿಮ್ಮ ಮಾತಿನಲ್ಲೂ ಕಾಣಬೇಕು.

ಹಂತ 7: ಉತ್ತರ ಓದಿಕೊಳ್ಳಿ

ಮೂರು ದಿನ ಸುಮ್ಮನಿರಿ. ‘ಕೇಳಿದ್ರಾ?’ ಎಂದು ಒಂದೇ ಸಲ ಕೇಳಬಹುದು, ಅದೂ ನಾಲ್ಕನೇ ದಿನ.

ಎಂಟು ನಿಮಿಷದ ಹಾಡಿಗೆ ಎರಡೇ ನಿಮಿಷದಲ್ಲಿ ‘ಸೂಪರ್’ ಬಂದರೆ ಕೇಳಿಲ್ಲ. ‘ಚೆನ್ನಾಗಿದೆ, ಟೈಮ್ ಸಿಕ್ಕಾಗ ಪೂರ್ತಿ ಕೇಳ್ತೀನಿ’ ಎಂದರೆ ಸೇತುವೆ ತಪ್ಪಿದೆ, ಹಂತ 2ಕ್ಕೆ ಹಿಂತಿರುಗಿ. ‘ಆ ಗಿಟಾರ್ ಭಾಗ ಜಾಸ್ತಿ ಆಯ್ತು’ ಎಂಬುದು ಒಳ್ಳೆಯ ಸುದ್ದಿ, ಪೂರ್ತಿ ಕೇಳಿದವರು ಮಾತ್ರ ಹಾಗೆ ದೂರುತ್ತಾರೆ. ನೀವು ಹೇಳದ ಜಾಗವೊಂದನ್ನು ಅವರೇ ಎತ್ತಿ ಹೇಳಿದರೆ ಅದಕ್ಕಿಂತ ದೊಡ್ಡ ಗುರುತು ಬೇಡ. ‘ಇಷ್ಟ ಆಗ್ಲಿಲ್ಲ’ ಎಂದರೆ ‘ಯಾವ ಜಾಗದಲ್ಲಿ ಬೇಜಾರಾಯ್ತು?’ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಸಮರ್ಥನೆಗೆ ಇಳಿಯಬೇಡಿ. ಒಬ್ಬರಿಗೆ ಸತತ ಮೂರು ಹಾಡು ಹಿಡಿಸದಿದ್ದರೆ ಎರಡು ತಿಂಗಳು ಬಿಟ್ಟುಬಿಡಿ.

ಹಂತ 8: ಎರಡನೇ ಹಾಡು, ಆಮೇಲೆ ಪಟ್ಟಿ

ಹಿಡಿಸಿತು ಎಂದ ತಕ್ಷಣ ಆ ತಂಡದ ನಾಲ್ಕು ಆಲ್ಬಂ ಸುರಿಯುವುದು ದೊಡ್ಡ ತಪ್ಪು. ಅದೇ ತಂಡದ ಇನ್ನೊಂದು ಹಾಡು ಕೊಡಿ, ಈ ಸಲ ಹೊಸ ಸಂಗತಿ ಒಂದು ಜಾಸ್ತಿ ಇರಲಿ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಮೆಚ್ಚಿದವರಿಗೆ 1986ರ ‘ಮಾಸ್ಟರ್ ಆಫ್ ಪಪೆಟ್ಸ್’: ಎಂಟೂವರೆ ನಿಮಿಷ, ಭಾರೀ ವೇಗ, ಆದರೆ ನಡುವೆ ಎಲ್ಲ ಇಳಿದು ಮೆಲ್ಲಗೆ ಒಂದು ರಾಗ ಬರುತ್ತದೆ. ಅವರ ಕಿವಿಗೆ ಪರಿಚಯದ ಜಾಗ ಅದೇ, ಸಂದೇಶದಲ್ಲಿ ಅದನ್ನೇ ತೋರಿಸಿ.

ಐದು ಹಾಡು ದಾಟಿದ ಮೇಲೆ ಏಳು ಹಾಡಿನ ಪಟ್ಟಿ ಮಾಡಬಹುದು, ಏಳಕ್ಕಿಂತ ಹೆಚ್ಚು ಬೇಡ. ಮೊದಲೆರಡು ಅವರಿಗೆ ಈಗಾಗಲೇ ಹಿಡಿಸಿದವು, ನಡುವಿನ ಮೂರು ಹೊಸವು, ಆರನೆಯದು ಉದ್ದದ್ದು, ಕೊನೆಯದು ಚಿಕ್ಕದು. ಒಂದು ತಂಡದ್ದು ಒಂದೇ ಹಾಡು. ಹಾಡಿನ ಕ್ರಮ ಕಲಕುವ ಷಫಲ್ ಆಫ್ ಮಾಡಿ ಕೇಳಲು ಹೇಳಿ, ಇಲ್ಲದಿದ್ದರೆ ಜೋಡಿಸಿದ ಶ್ರಮ ನೀರುಪಾಲು.

ಈ ಹೊತ್ತಿಗೆ ಅವರೂ ನಿಮಗೆ ಒಂದು ಹಾಡು ಕಳಿಸುತ್ತಾರೆ. ನಿಮಗೆ ರುಚಿಸದ ಸಿನಿಮಾ ಹಾಡೇ ಇರಬಹುದು. ಅಂದು ರಾತ್ರಿಯೇ ಇಯರ್‌ಫೋನ್ ಹಾಕಿಕೊಂಡು ಕೊನೆವರೆಗೆ ಕೇಳಿ, ಯಾವ ನಿಮಿಷದಲ್ಲಿ ಏನು ಹಿಡಿಸಿತು ಎಂದು ಬರೆದು ಕಳಿಸಿ.